ಫೋಟೋ ಮಂಚಯ್ಯನ ಸುಣ್ಣದ ಗೆರೆ

ಮಂಟಿಕೊಪ್ಪಲಿನ ಫೋಟೋ ಮಂಚಯ್ಯನನ್ನು ತಿಳಿಯಬೇಕಾದರೆ ಅವನ ಮುತ್ತಾತನಿಂದ ಶುರು ಮಾಡಬೇಕು. ಮುತ್ತಾತನ ಹೆಸರೂ ಮಂಚಯ್ಯನೇ. ಮಹಾರಾಜರ ಕಾಲದಲ್ಲಿ ಕಾಕನಕೋಟೆ ಕಾಡಿನೊಳಗೆ ಖೆಡ್ಡಾ ನಡೆದಾಗ ಆನೆಗಳನ್ನು ಹೊಳೆಯ ಕಡೆಗೆ ಅಟ್ಟಲು ತಮಟೆ ಬಡಿದವರ ಸಾಲಿನಲ್ಲಿ ಅವನೂ ಇದ್ದ. ತಮಟೆ ನಿಂತರೆ ಆನೆ ತಿರುಗಿ ಬೀಳುತ್ತದೆ. ಕಡ್ಡಿ ಹಿಡಿದ ಬೆರಳುಗಳ ಚರ್ಮ ಸುಲಿದು ಬಂದರೂ ಅವನು ಬಡಿತ ನಿಲ್ಲಿಸಲಿಲ್ಲ. ಪಕ್ಕದವನು ‘ಕೊಡು, ಒಂದು ಗಳಿಗೆ ನಾನು ಬಡೀತೀನಿ’ ಎಂದು ಕೈ ಚಾಚಿದ್ದಕ್ಕೆ ಅವನನ್ನು ಒದ್ದನಂತೆ. ಒದ್ದ ಕಾಲು ಬಲಗಾಲೋ ಎಡಗಾಲೋ ಎಂದು ಊರಲ್ಲಿ ಇವತ್ತಿಗೂ ವಾದ ಮಾಡುವವರಿದ್ದಾರೆ.

ಅವನ ಮಗ ದೊಡ್ಡಮಾದಯ್ಯ. ಸರ್ವೆಯವರು ಜಮೀನು ಅಳೆಯಲು ಬಂದಾಗಲೆಲ್ಲ ಸರಪಳಿಯ ತುದಿ ಹಿಡಿದು ಮುಂದೆ ನಡೆಯುತ್ತಿದ್ದವನು. ಹುಣಸೂರಿನಿಂದ ಅಂತರಸಂತೆಯವರೆಗೆ ಅವನು ತುಳಿಯದ ಬದು ಇರಲಿಲ್ಲ. ಎಲ್ಲರ ಹೊಲವನ್ನೂ ಅಳೆದ, ಅಳೆಯಲು ತನ್ನದೆಂಬ ಅಂಗೈಯಗಲ ನೆಲ ಅವನಿಗೆ ಇರಲಿಲ್ಲ. ಅವನ ಮಗ ಸಿದ್ದಯ್ಯ ಇನ್ನೂ ಒಂದು ಕೈ ಮೇಲೆ. ಒಲೆಯ ಮೇಲೆ ಮುದ್ದೆ ಬೇಯುವ ತನಕವೂ ಕೂತವನಲ್ಲ. ಇವತ್ತು ಕೊಡಗಿನ ಕಾಫಿ ತೋಟ, ನಾಳೆ ಪಿರಿಯಾಪಟ್ಟಣದ ಸಂತೆ, ನಾಡಿದ್ದು ಎಲ್ಲೆಂದು ಹೆಂಡತಿಗೂ ಗೊತ್ತಿರುತ್ತಿರಲಿಲ್ಲ. ಯುಗಾದಿಗೆ ಬಂದರೆ ಬಂದ.

ಆ ಹೆಂಡತಿಯೇ ಪುಟ್ಟಸಿದ್ದಮ್ಮ, ನಮ್ಮ ಮಂಚಯ್ಯನ ತಾಯಿ. ಕೂಲಿ ಮುಗಿಸಿ ಮನೆಗೆ ಬರುವಾಗ ಊರ ಹಿಂದಿನ ಮಂಟಿಯಿಂದ, ಅಂದರೆ ಕಲ್ಲುದಿಬ್ಬದಿಂದ, ದಿನಕ್ಕೊಂದು ಕಲ್ಲನ್ನು ತಲೆಯ ಮೇಲೆ ಹೊತ್ತು ತರುತ್ತಿದ್ದಳು. ಮನೆಯ ಹಿಂದಿನ ಲಂಟಾನ ಪೊದೆ ಸವರಿ, ಸುತ್ತಲೂ ಕಲ್ಲು ಜೋಡಿಸಿ, ಒಂದು ಹಿತ್ತಲು ಮಾಡಿದಳು. ಗೋಡೆ ಮೊಣಕಾಲೆತ್ತರ ಆಗುವಷ್ಟರಲ್ಲಿ ಅವಳ ಬೆನ್ನು ಬಿಲ್ಲಾಗಿತ್ತು. ‘ಈ ಜಾಗ ಯಾರವ್ವ ಕೊಟ್ರು?’ ಎಂದು ಕೇಳಿದವರಿಗೆ ಅವಳ ಉತ್ತರ ಒಂದೇ: ‘ಯಾರೂ ಕೊಡ್ನಿಲ್ಲ, ಯಾರೂ ಬ್ಯಾಡ ಅನ್ನಲಿಲ್ಲ.’

ಅವಳು ಹೋದ ಮೇಲೆ ಗೋಡೆಯೂ ಹೋಯಿತು. ಅರ್ಧ ಕಲ್ಲು ಮಳೆಗೆ ಮಣ್ಣಿನೊಳಗೆ ಇಳಿಯಿತು, ಇನ್ನರ್ಧ ಯಾರದೋ ಹೊಗೆಸೊಪ್ಪು ಹದಮಾಡುವ ಬ್ಯಾರನ್ನಿನ ಪಾಯಕ್ಕೆ ಸೇರಿತು. ಈಗ ನಿಂತು ನೋಡಿದರೆ ಒಂದು ನುಗ್ಗೆ ಮರ, ಒಂದಷ್ಟು ಕೆಂಪು ನೆಲ. ಅದು ಪುಟ್ಟಸಿದ್ದಮ್ಮನ ಹಿತ್ತಲೆಂದು ಗೊತ್ತಿದ್ದವರಿಗೆ ಗೊತ್ತು. ಮೇಲಿಂದ ನೋಡುವವರಿಗೆ ಹೇಗೆ ಗೊತ್ತಾಗಬೇಕು? ಮಂಚಯ್ಯನ ತಳಮಳವೆಲ್ಲ ಇಷ್ಟೇ.

ಮೇಲಿಂದ ನೋಡುವ ವಿದ್ಯೆ ಅವನಿಗೆ ಹೊಸದಲ್ಲ. ಮೀಸೆ ಮೂಡುವ ವಯಸ್ಸಿನಲ್ಲಿ ಮೈಸೂರಿಗೆ ಓಡಿಹೋಗಿ ವಾಯುಪಡೆಗೆ ಸೇರಿದವನು ಅವನು. ವಿಮಾನ ಹಾರಿಸುತ್ತೇನೆಂದುಕೊಂಡಿದ್ದ. ಅವರು ಅವನನ್ನು ಫೋಟೋ ವಿಭಾಗಕ್ಕೆ ಹಾಕಿದರು.

“ಕತ್ತಲೆಂದರೆ ಹೆದರಿಕೆ ಇದೆಯಾ?” ಎಂದು ಅಲ್ಲಿನ ಅಧಿಕಾರಿ ಹಿಂದಿಯಲ್ಲಿ ಕೇಳಿದಾಗ ಮಂಚಯ್ಯ, “ನಮ್ಮನೇಲಿ ಬುಡ್ಡಿ ಆರಿದ್ಮೇಲೆ ಇದ್ದದ್ದೆಲ್ಲ ಕತ್ತಲೇ ಸಾ” ಎಂದನಂತೆ. ಅಧಿಕಾರಿಗೆ ಕನ್ನಡ ಬಾರದು. ಆದರೂ ಆಯ್ಕೆ ಮಾಡಿದರು.

ಕೆಲಸ ಹೀಗೆ. ವಿಮಾನದ ಹೊಟ್ಟೆಗೆ ದೊಡ್ಡ ಕ್ಯಾಮರಾ ಕಟ್ಟಿ, ವೈರಿಯ ನೆಲದ ಮೇಲೋ ನಮ್ಮದೇ ನದಿ ಬೆಟ್ಟಗಳ ಮೇಲೋ ಹಾರಿಸಿ, ಒಂದರ ಹಿಂದೊಂದು ಫೋಟೋ ತೆಗೆಯುತ್ತಾರೆ. ಒಂದು ಫೋಟೋದ ಅರ್ಧಕ್ಕಿಂತ ಹೆಚ್ಚು ಭಾಗ ಮುಂದಿನದರಲ್ಲೂ ಇರಬೇಕು. ಹೆಂಚಿನ ಮೇಲೆ ಹೆಂಚು ಹೊದಿಸಿದ ಹಾಗೆ. ಹಾಗಿದ್ದರೆ ಎರಡನ್ನೂ ಪಕ್ಕಪಕ್ಕ ಇಟ್ಟು ಜೋಡಿ ಕನ್ನಡಕದಲ್ಲಿ ನೋಡುವಾಗ ಬೆಟ್ಟ ಎದ್ದು ನಿಲ್ಲುತ್ತದೆ, ಹಳ್ಳ ಇಳಿಯುತ್ತದೆ. ಅದನ್ನು ನೋಡಿಕೊಂಡು ನಕ್ಷೆ ಬರೆಯುತ್ತಾರೆ. ಆದರೆ ಇದೆಲ್ಲ ಆಗಬೇಕಾದರೆ ಮೊದಲು ಫಿಲಂ ತೊಳೆಯಬೇಕು. ಮೊಳದುದ್ದ ಫಿಲಮ್ಮಲ್ಲ ಅದು. ಗೇಣಿಗಿಂತ ಅಗಲ, ಬಿಚ್ಚಿದರೆ ಊರ ಈ ತುದಿಯಿಂದ ಆ ತುದಿಗೆ ಹಾಸಬಹುದು. ಕಣ್ಣಿಗೆ ಕಣ್ಣು ಕಾಣದ ಕತ್ತಲ ಕೋಣೆಯಲ್ಲಿ, ಔಷಧಿ ತುಂಬಿದ ತೊಟ್ಟಿಯೊಳಗೆ ಎರಡು ಉರುಳೆಗಳು. ಹಿಡಿ ತಿರುಗಿಸಿದರೆ ಫಿಲಂ ಒಂದು ಉರುಳೆಯಿಂದ ಇನ್ನೊಂದಕ್ಕೆ ಸುತ್ತಿಕೊಳ್ಳುತ್ತದೆ. ಪೂರ್ತಿ ಸುತ್ತಿದ ಮೇಲೆ ಹಿಂದಕ್ಕೆ ತಿರುಗಿಸಬೇಕು. ಮತ್ತೆ ಮುಂದಕ್ಕೆ, ಮತ್ತೆ ಹಿಂದಕ್ಕೆ. ಕೈ ಒಂದೇ ಸಮ ಓಡಬೇಕು. ಕೈ ನಿಂತರೂ, ವೇಗ ಹೆಚ್ಚು ಕಡಿಮೆಯಾದರೂ ಔಷಧಿ ಒಂದು ಕಡೆ ಹೆಚ್ಚು ತಿಂದು ಒಂದು ಕಡೆ ಕಡಿಮೆ ತಿಂದು ಫಿಲಮ್ಮಿನ ಮೇಲೆ ಅಡ್ಡಡ್ಡ ಪಟ್ಟೆ ಬೀಳುತ್ತದೆ.

ಅವನು ಹೊಸಬನಾಗಿದ್ದಾಗ ಒಂದು ಸಲ ಹಾಗಾಯಿತು. ತೊಟ್ಟಿಯ ಮುಂದೆ ನಿಂತು ಭುಜ ಇಳಿದುಹೋಗಿತ್ತು. ಜೊತೆಗಿದ್ದ ಬಿಹಾರದ ಗೆಳೆಯ ಕತ್ತಲಲ್ಲೇ ಹೆಗಲು ತಟ್ಟಿ, ಹೋಗಿ ಚಾ ಕುಡಿದು ಬಾ, ನಾನು ತಿರುಗಿಸುತ್ತಿರುತ್ತೇನೆ ಎಂದ. ಮಂಚಯ್ಯ ಹಿಡಿ ಅವನ ಕೈಗಿಟ್ಟ. ಕೈಯಿಂದ ಕೈಗೆ ದಾಟುವಾಗ ಎಷ್ಟು ಹೊತ್ತು ನಿಂತೀತು? ಉಗುಳು ನುಂಗುವಷ್ಟು. ಅಷ್ಟಕ್ಕೇ ಒಂದು ಫೋಟೋದ ಆ ಅಂಚಿನಿಂದ ಈ ಅಂಚಿಗೆ ಒಂದು ಬೆಳ್ಳನೆ ಪಟ್ಟೆ ಬಿತ್ತು. ಯಾರೂ ಗಮನಿಸಲಿಲ್ಲ. ನಕ್ಷೆ ಬರೆಯುವವನು ಅದನ್ನು ಗಾಡಿಜಾಡು ಎಂದುಕೊಂಡು ಶಾಯಿಯಲ್ಲಿ ಎಳೆದುಬಿಟ್ಟ. ನೆಲದ ಮೇಲೆ ತಾಳೆ ನೋಡಲು ಹೋದ ತಂಡ ಇಡೀ ದಿನ ಆ ದಾರಿ ಹುಡುಕಿ, ಕಳ್ಳಿ ಮೆಳೆಯಲ್ಲಿ ಪ್ಯಾಂಟು ಹರಿದುಕೊಂಡು, ಬಾಯಿಗೆ ಬಂದದ್ದನ್ನು ಬೈಯುತ್ತ ವಾಪಸು ಬಂದಿತು. ಆ ದಾರಿಗೆ ಎಲ್ಲರೂ ‘ಚಾ ರಸ್ತೆ’ ಎಂದು ಹೆಸರಿಟ್ಟರು. ಮಂಚಯ್ಯ ಎದುರಾದಾಗಲೆಲ್ಲ ‘ಚಾ ರಸ್ತೆ ಎಲ್ಲಿಗೆ ಹೋಗುತ್ತಪ್ಪಾ?’ ಎಂದು ಕೇಳುವುದು ಅಲ್ಲಿ ವಾಡಿಕೆಯಾಯಿತು.

ಅಲ್ಲಿಂದ ಮುಂದೆ ಅವನು ಹಿಡಿಯನ್ನು ಯಾರ ಕೈಗೂ ಕೊಡಲಿಲ್ಲ. ಎಪ್ಪತ್ತೊಂದರ ಯುದ್ಧದಲ್ಲಿ ಗಡಿಯಾಚೆಯ ಸೇತುವೆ, ರೈಲು ದಾರಿ, ವಿಮಾನದ ಮೈದಾನಗಳ ಚಿತ್ರ ಹೊತ್ತ ರೋಲುಗಳು ಬಂದು ಬೀಳುತ್ತಿದ್ದಾಗಲೂ ಕೊಡಲಿಲ್ಲ. ಪಡೆ ಬಿಟ್ಟು ನಕ್ಷೆ ಮಾಡುವ ಕಚೇರಿಯೊಂದರ ಕತ್ತಲ ಕೋಣೆ ಸೇರಿದ ಮೇಲೂ ಕೊಡಲಿಲ್ಲ. ಅರ್ಧ ದೇಶವನ್ನು ಅವನು ತೊಳೆದ. ಆದರೆ ತಿರುಗುಮುರುಗಾಗಿ ನೋಡಿದ. ತೊಳೆದ ಫಿಲಮ್ಮಿನಲ್ಲಿ ಬಿಳಿಯದು ಕಪ್ಪು, ಕಪ್ಪನೆಯದು ಬಿಳಿ. ತನ್ನೂರಿನ ರೋಲು ಮಾತ್ರ ಎಂದೂ ಅವನ ಕೈಗೆ ಬರಲಿಲ್ಲ. ಒಮ್ಮೆ ಕಬಿನಿಯ ಆಸುಪಾಸಿನದು ಬಂದಿತ್ತಂತೆ, ಅವತ್ತು ಬೇರೆಯವರ ಪಾಳಿ. ಆಮೇಲೆ ಫಿಲಂ ಕಾಲವೇ ಮುಗಿಯಿತು. ತೊಟ್ಟಿಗಳು ಗುಜರಿಗೆ ಹೋದವು, ಮಂಚಯ್ಯ ಊರಿಗೆ ಬಂದ.

ಬಂದವನು ಕೂತನೇ? ಕೂರಲಿಲ್ಲ. ಅಪ್ಪನ ಕಾಲು, ಮುತ್ತಾತನ ಕೈ ಎರಡೂ ಅವನಿಗೆ ಬಂದಿವೆ. ಬಾಲ ಸುಟ್ಟ ಬೆಕ್ಕಿನ ಹಾಗೆ ಊರೆಲ್ಲ ತಿರುಗುತ್ತಾನೆ. ಜಗಲಿಯ ಮೇಲೆ ಕೂರಿಸಿದರೂ ಬಲಗೈ ಗಾಳಿಯಲ್ಲಿ ಸಣ್ಣಗೆ ಸುತ್ತುತ್ತಿರುತ್ತದೆ, ಮುಂದಕ್ಕೆ ಒಂದಷ್ಟು, ಹಿಂದಕ್ಕೆ ಒಂದಷ್ಟು. ಹೊಸಬರು ಅದನ್ನು ರೋಗವೆಂದುಕೊಂಡು ಮರುಗುತ್ತಾರೆ. ಈಚೆಗೆ ಅದರ ಜೊತೆ ಒಂದು ನಡುಕವೂ ಸೇರಿಕೊಂಡಿದೆ, ಅದನ್ನು ಅವನು ಒಪ್ಪುವುದಿಲ್ಲ. ಇದೇ ಊರಿಗೆ ಕೊಟ್ಟಿರುವ ತಂಗಿ ಕುಳ್ಳಮ್ಮನ ಮನೆ ಪಕ್ಕದಲ್ಲೇ. ಅವಳು ಲೋಟದಲ್ಲಿ ಅರ್ಧವೇ ಕಾಫಿ ಹಾಕಿ ಕೊಡುತ್ತಾಳೆ, ಚೆಲ್ಲದಿರಲಿ ಎಂದು. ಅವನು ಅದನ್ನು ವಾಪಸು ಕೊಟ್ಟು ತುಂಬಿಸಿಕೊಂಡು ಬರುತ್ತಾನೆ.

“ನಿಂಗೆ ಎಮ್ಮೆ ಜಾಸ್ತಿ ಕಣಣ್ಣ” ಎನ್ನುತ್ತಾಳೆ ಅವಳು. ನಮ್ಮ ಕಡೆಯ ಬಾಯಿಗೆ ಹೆಮ್ಮೆಯೂ ಎಮ್ಮೆಯೇ.

“ಎಮ್ಮೆ ಇದ್ರೆ ಆಲಾದ್ರೂ ಕರೀಬೋದು. ನಿಂಗದೂ ಇಲ್ವಲ್ಲ” ಎನ್ನುತ್ತಾನೆ ಅವನು.

ಹೀಗಿರುವಾಗ ಕಳೆದ ವರ್ಷ, ಹೊಗೆಸೊಪ್ಪಿನ ಹರಾಜು ಮುಗಿದು ಬ್ಯಾರನ್ನುಗಳು ತಣ್ಣಗಾಗಿದ್ದ ಸಮಯದಲ್ಲಿ, ಊರಿಗೆ ಡ್ರೋನು ಬಂತು. ಹಳ್ಳಿಯ ಮನೆ ಹಿತ್ತಲುಗಳನ್ನು ಮೇಲಿಂದ ಫೋಟೋ ತೆಗೆದು ನಕ್ಷೆ ಮಾಡುತ್ತಾರಂತೆ, ನಕ್ಷೆಯ ಪ್ರಕಾರ ಮನೆಗೊಂದು ಹಕ್ಕುಪತ್ರ ಕೊಡುತ್ತಾರಂತೆ. ತಂಡದ ಜೊತೆ ಬಂದವಳು ಕೃಷ್ಣರಾಜನಗರದ ಕಡೆಯ ಹುಡುಗಿ, ರಮ್ಯಶ್ರೀ. ಕೇರಿಯ ನಡುವೆ ನಿಂತು ಅವಳು ಎಲ್ಲರಿಗೂ ಬಿಡಿಸಿ ಹೇಳಿದಳು: “ನಾಳೆ ಬೆಳಗ್ಗೆ ಹಾರಿಸ್ತೀವಿ. ಅಷ್ಟರಲ್ಲಿ ನಿಮ್ಮ ನಿಮ್ಮ ಜಾಗದ ಸುತ್ತ ಸುಣ್ಣದ ಪುಡಿಯಲ್ಲಿ ಗೆರೆ ಹಾಕಿರಬೇಕು. ಗೆರೆ ಫೋಟೋದಲ್ಲಿ ಕಾಣಿಸಿದ್ರೆ ನಕ್ಷೆಗೆ ಬರುತ್ತೆ. ಗೆರೆ ಇಲ್ಲದ ಜಾಗ ಊರಿನ ಖಾಲಿ ಜಾಗ ಅಂತ ಹೋಗುತ್ತೆ. ಆಮೇಲೆ ತಕರಾರು ಅರ್ಜಿ ಕೊಟ್ಕೊಂಡು ಓಡಾಡಬೇಕಾಗುತ್ತೆ.”

ಖಾಲಿ ಜಾಗ ಎಂಬ ಮಾತು ಮಂಚಯ್ಯನ ಎದೆಗೆ ಮುಳ್ಳಾಗಿ ನಾಟಿತು. ಅವ್ವ ತಲೆಯ ಮೇಲೆ ಹೊತ್ತು ತಂದ ಹಿತ್ತಲು ಖಾಲಿ ಜಾಗವೇ? ಅವನ ಹೆಂಡತಿ ರಾಧಾ ಹೊಸ ಅಗ್ರಹಾರ ಎಂಬ ಊರಿಗೆ ಮೊಮ್ಮಗಳ ಬಾಣಂತನ ಮಾಡಲು ಹೋಗಿದ್ದಳು. ಮನೆಯಲ್ಲಿದ್ದಿದ್ದರೆ ಅವನನ್ನು ಹಿಡಿದು ಕೂರಿಸುತ್ತಿದ್ದಳು. ಈಗ ಹಿಡಿಯುವವರಿಲ್ಲ. ರಮ್ಯಶ್ರೀ ಅತ್ತ ಹೋದದ್ದೇ ತಡ, ಇವನು ಜಗಲಿ ಏರಿ ನಿಂತ.

“ಕೇಳ್ರಪ್ಪ ಇಲ್ಲಿ. ಆ ಉಡ್ಗಿ ಏಳಿದ್ದು ಸರಿ, ಆದ್ರೆ ಅರ್ಧ. ತುಳುದ ನೆಲ ಮೇಲಿಂದ ಬೆಳ್ಳಗೆ ಕಾಣ್ತದೆ. ಜೀವಮಾನೆಲ್ಲ ನೋಡಿವ್ನಿ. ಬೆಳ್ಳನೆ ನೆಲದ ಮ್ಯಾಲೆ ಬೆಳ್ಳನೆ ಸುಣ್ಣ ಎಳುದ್ರೆ ಎಮ್ಮೆ ಮೈಮ್ಯಾಲೆ ಇದ್ದಿಲಲ್ಲಿ ಬರ್ದಂಗೆ. ಮೊದ್ಲು ಗಟ್ಟಿಯಾಗಿ ಸಗಣಿ ಸಾರ್ಸಿ, ನೆಲ ಕಪ್ಪಾಗ್ಲಿ. ಆಮೇಲೆ ಸುಣ್ಣ ಎಳೀರಿ. ಆಗ ನೋಡಿ, ಅಲಗೆ ಮ್ಯಾಲೆ ಅಕ್ಷರ ಕಂಡಂಗೆ ಕಾಣ್ತದೆ.”

“ಸಾರ್ಸೋರು ನಾವು, ಬಾಯಿ ನಿಂದು” ಎಂದಳು ಕುಳ್ಳಮ್ಮ.

ಅವಳ ಮಗ ಚೇತನ್‌ಕುಮಾರ್ ಸುಣ್ಣದ ಚೀಲ ಇಳಿಸುತ್ತಿದ್ದ. ಊರ ಬಾಗಿಲಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡಿರುವವನು, ಮಾವನ ಮೇಲೆ ಪ್ರೀತಿ ಉಳ್ಳವನು. “ಮಾವ, ಆ ಮೇಡಮ್ಮನ್ನ ಒಂದ್ಸಲ ಕೇಳ್ಬುಡೋಣ ಕಣ” ಎಂದ.

“ಅವಳು ಉಟ್ಟಕ್ಕೆ ಮುಂಚೆ ನಾನು ಬರ್ಮಾ ಗಡಿ ತೊಳ್ದಿವ್ನಿ ಕಣ್ಲಾ. ಏನ್ ಕೇಳ್ತೀಯ?”

ಊರಿಗೆ ಮಂಚಯ್ಯನ ವಿದ್ಯೆಯ ಮೇಲೆ ನಂಬಿಕೆ ಇತ್ತು. ಮಾರನೆಯ ದಿನ ಕೋಳಿ ಕೂಗುವ ಹೊತ್ತಿಗೆ ಹೆಂಗಸರು ಕೇರಿಗೆ ಕೇರಿಯನ್ನೇ ಗಟ್ಟಿ ಸಗಣಿಯಲ್ಲಿ ಸಾರಿಸಿದರು. ಮನೆ ಮುಂದೆ, ಸಂದಿ, ಗೋಡೆಯ ಪಕ್ಕ, ಎಲ್ಲ ಕಡೆ. ನೆಲ ಹಸಿರುಗಪ್ಪಾಗಿ ಮಿರಮಿರನೆ ಹೊಳೆಯಿತು. ಮಂಚಯ್ಯ ಒಂದು ಸುತ್ತು ನೋಡಿ, ಭೇಷ್ ಎಂದು, “ಈಗ ಸುಣ್ಣ ಎಳೀರಿ. ನನ್ನ ಇತ್ತಲ ಗೆರೆ ನಾನೇ ಎಳೀತೀನಿ, ಯಾರೂ ಮುಟ್ಬ್ಯಾಡಿ” ಎಂದು ಹೇಳಿ, ಡ್ರೋನು ಏಳುವುದನ್ನು ನೋಡಿ ಬಂದುಬಿಡೋಣವೆಂದು ಮಂಟಿಯ ಕಡೆ ದಾಪುಗಾಲು ಹಾಕಿದ.

ಮಂಟಿಯ ಮೇಲೆ ರಮ್ಯಶ್ರೀ ಮತ್ತವಳ ಜೊತೆಗಾರರು ಡ್ರೋನು ಬಿಚ್ಚಿಟ್ಟುಕೊಂಡಿದ್ದರು. ಅಷ್ಟು ಸಣ್ಣದೇ? ಮೊರದಗಲವೂ ಇಲ್ಲ. ಮಂಚಯ್ಯ ಅದರ ಸುತ್ತ ಎರಡು ಸಲ ಬಂದ.

“ಫಿಲಂ ಎಷ್ಟುದ್ದ ಇಡುಸ್ತದವ್ವ ಇದು?”

“ಫಿಲಂ ಇಲ್ಲ ತಾತ. ಇಗೋ, ಈ ಕಾರ್ಡು.” ಅವಳು ತೋರಿಸಿದ್ದು ಕಿರುಬೆರಳ ಉಗುರಿನಷ್ಟಿತ್ತು.

“ತೊಳೆಯಾದೆಲ್ಲಿ?”

“ತೊಳೆಯೋದೇ ಇಲ್ಲ. ತೆಗೆದ ತಕ್ಷಣ ಬಂದ್ಬಿಡುತ್ತೆ. ನೋಡ್ತೀರಾ? ಒಂದು ಟ್ರಯಲ್ ಹಾರಿಸ್ತೀನಿ.”

ಮಂಚಯ್ಯನ ಬಲಗೈ ಗಾಳಿಯಲ್ಲಿ ಸುತ್ತುತ್ತಿತ್ತು. ಡ್ರೋನು ಹೆಜ್ಜೇನಿನ ಹಾಗೆ ಗುಂಯ್ಗುಟ್ಟಿ ಎದ್ದಿತು. ಅವಳ ಕೈಯಲ್ಲಿದ್ದ ಪರದೆಯ ಮೇಲೆ ನೆಲ ಕೆಳಕ್ಕೆ ಇಳಿಯಿತು. ಮಂಟಿ, ಕೆರೆ ಏರಿ, ಹುಣಿಸೆ ಮರದ ತಲೆ. ಜೀವಮಾನದಲ್ಲಿ ಮೊದಲ ಸಲ ಅವನು ತನ್ನೂರನ್ನು ಮೇಲಿಂದ ನೋಡಿದ. ಕಣ್ಣು ತುಂಬಿಕೊಳ್ಳಬೇಕಾದ ಗಳಿಗೆ. ಆದರೆ ತುಂಬಿದ್ದು ಗಾಬರಿ. ಹೆಂಚು ಹೆಂಚಿನ ಬಣ್ಣ, ಗದ್ದೆ ಹಸಿರು, ಕೇರಿಯಾಚೆಯ ದಾರಿ ಕೆಂಪಗೆ ಕುಂಕುಮ ಚೆಲ್ಲಿದಂತೆ.

“ಇದು ಕಲರ್ರಾ?” ಎಂದ.

“ಹೂಂ ತಾತ, ಕಲರೇ.”

“ಅಂಗಾರೆ ಕೆಂಪು ನೆಲದ ಮ್ಯಾಲೆ ಸುಣ್ಣ…”

“ಚೆನ್ನಾಗಿ ಕಾಣುತ್ತೆ. ನೋಡಿ, ಮೇಲಿನ ಬೀದಿಯವರು ಹಾಕಿದಾರಲ್ಲ.” ಮೇಲಿನ ಬೀದಿಯಲ್ಲಿ ಕೆಂಪು ನೆಲದ ಮೇಲೆ ಬಿಳಿ ಗೆರೆಗಳು ಚೌಕ ಚೌಕವಾಗಿ ಕಾಣುತ್ತಿದ್ದವು. ಅಲ್ಲಿಯವರು ಮಂಚಯ್ಯನ ಮಾತು ಕೇಳಿರಲಿಲ್ಲ.

ಅವನು ದುಡಿದಷ್ಟು ವರ್ಷವೂ ನೋಡಿದ್ದು ಕಪ್ಪು ಬಿಳುಪು. ಕೆಂಪು ನೆಲ ಬೆಳ್ಳಗೆ ಕಾಣುವ ಲೋಕದಲ್ಲಿ ನಿಂತು ಅವನು ಬುದ್ಧಿ ಹೇಳಿದ್ದ. ಹೋಗಲಿ, ಸಗಣಿ ಸಾರಿಸಿದ್ದರಿಂದ ನಷ್ಟವೇನಿಲ್ಲ ಎಂದುಕೊಳ್ಳುವಷ್ಟರಲ್ಲಿ ಪರದೆಯೊಳಗೆ ಅವರ ಕೇರಿ ಬಂತು.

ರಮ್ಯಶ್ರೀ ಪರದೆಯನ್ನು ಹತ್ತಿರ ತಂದು ನೋಡಿದಳು. “ಇದೇನು ತಾತ, ನಿಮ್ ಕೇರೀಲಿ ಮದುವೆನಾ?”

ಕೇರಿಯ ತುಂಬ ರಂಗೋಲಿ. ಸುಣ್ಣದ ಗೆರೆ ಯಾವುದು, ರಂಗೋಲಿಯ ಎಳೆ ಯಾವುದು, ಗುರುತೇ ಸಿಗದು. ಒಂದು ಮನೆಯ ಗಡಿಯಿಂದ ಹೊರಟ ಬಳ್ಳಿ ಸಂದಿ ದಾಟಿ, ಪಕ್ಕದ ಮನೆಯ ಅಂಗಳಕ್ಕೆ ಹಬ್ಬಿ, ಅಲ್ಲಿ ಹೂ ಬಿಟ್ಟು, ಮುಂದಿನ ಮನೆಗೆ ಹೋಗಿತ್ತು. ಹತ್ತು ಮನೆ ಸೇರಿ ಒಂದೇ ಚಪ್ಪರವಾಗಿತ್ತು. ನಡುವೆ ಒಂದೇ ಒಂದು ಬೋಳು ಚೌಕ, ಕೆಂಪಗೆ, ಗೆರೆಯಿಲ್ಲದೆ. ನುಗ್ಗೆ ಮರದಿಂದ ಗೊತ್ತಾಯಿತು, ಅದು ಪುಟ್ಟಸಿದ್ದಮ್ಮನ ಹಿತ್ತಲು.

“ಮೊದಲು ಮೇಲಿನ ಬೀದಿ ಮುಗಿಸ್ತೀವಿ. ಬ್ಯಾಟರಿ ಬದಲಾಯಿಸಿ ಆಮೇಲೆ ನಿಮ್ ಕೇರಿ. ಗ್ಯಾಪಲ್ಲಿ ಸರಿಮಾಡ್ಕೊಳ್ಳಿ ತಾತ. ಗಾಳಿ ಏರಿದ್ರೆ ಹಾರಿಸಕ್ಕಾಗಲ್ಲ, ನಾಳೆ ನಾವು ಬೇರೆ ಊರಲ್ಲಿರ್ತೀವಿ” ಎಂದಳು.

ಮಂಚಯ್ಯ ಮಂಟಿ ಇಳಿದದ್ದು ನಡಿಗೆಯಲ್ಲ, ಉರುಳು. ಕೇರಿಯ ಬಾಯಲ್ಲೇ ಕುಳ್ಳಮ್ಮ ಸಿಕ್ಕಳು, ಬೆರಳೆಲ್ಲ ಬೆಳ್ಳಗೆ.

“ಏನೇ ಇದು? ಗೆರೆ ಎಳೀರಿ ಅಂದ್ರೆ ತೇರ್ ಸಿಂಗಾರ ಮಾಡಿದ್ದೀರಲ್ಲೇ!”

“ಸಗಣಿ ಸಾರ್ಸು ಅಂದೋನು ನೀನು” ಎಂದಳು ಅವಳು, ಸೆರಗಿಗೆ ಕೈ ಒರೆಸಿಕೊಳ್ಳುತ್ತ. “ಸಾರ್ಸಿ ರಂಗೋಲಿ ಬುಡ್ದೆ ಇದ್ರೆ ಎಣ ಎತ್ತಿದ ಮನೆ ಅಲ್ವೇನಣ್ಣ? ಅದ್ರ ಮ್ಯಾಲೆ ಬರೀ ಗೆರೆ ಸುತ್ತಾಕದು ಬೇರೆ. ಮನೇಲಿ ಸೊಸೆ ಪ್ರಿಯಾ ಏಳು ತಿಂಗಳ ಬಸ್ರಿ ಕೂತವ್ಳೆ. ಬೋಳು ಅಂಗಳ ಬುಡ್ಲಾ ನಾನು? ನಾನೊಂದು ಎಳೆ ಬುಟ್ಟೆ, ನೋಡಿ ಅವ್ರೊಂದು ಬುಟ್ರು. ಒಬ್ರಿಗಿಂತ ಒಬ್ರು ಮೇಲಾದ್ರು. ನಿಂಗೆ ಇದು ಗೊತ್ತಿರ್ಬೇಕಿತ್ತು.”

ಗೊತ್ತಿರಬೇಕಿತ್ತು. ಅವ್ವ ಸತ್ತ ದಿನ ಮನೆಯ ಅಂಗಳ ರಂಗೋಲಿಯಿಲ್ಲದೆ ಬಿದ್ದದ್ದನ್ನು ಅವನು ನೋಡಿದ್ದ. ಆದರೆ ಬದುಕಿನ ಬಹುಪಾಲು ಕತ್ತಲ ಕೋಣೆಯಲ್ಲಿ, ಪರಊರಲ್ಲಿ ಕಳೆದವನಿಗೆ ಸಗಣಿ ಎಂದರೆ ಕಪ್ಪು, ಸುಣ್ಣ ಎಂದರೆ ಬಿಳುಪು. ಅದರಾಚೆಗೆ ಏನೂ ಹೊಳೆದಿರಲಿಲ್ಲ.

“ಅಳ್ಸು ಎಲ್ಲನೂ” ಎಂದ.

“ಸೂರ್ಯ ಉಟ್ಟೋ ಒತ್ತಲ್ಲಿ ಬುಟ್ಟ ರಂಗೋಲಿ ಕೈಯಾರೆ ಅಳ್ಸದಾ? ನಾನಂತೂ ಮುಟ್ಟಾಕಿಲ್ಲ. ಬೇಕಾದ್ರೆ ನನ್ನ ಮನೆ ಊರಿಗೆ ಬರ್ಕೊಂಡೋಗ್ಲಿ.”

ಸುತ್ತ ನಿಂತ ಹೆಂಗಸರೆಲ್ಲ ಕುಳ್ಳಮ್ಮನ ಕಡೆಗೇ. ಗಂಡಸರು ಮಂಚಯ್ಯನ ಮುಖ ನೋಡಿದರು. ‘ಫೋಟೋ ಮಂಚಯ್ಯ ನಮ್ಮನ್ನೆಲ್ಲ ಒಂದೇ ಮನೆ ಮಾಡ್ದ, ಇನ್ನು ಒಲೆ ಒಂದೇ ಇಟ್ಕಂಡ್ರಾಯ್ತು’ ಎಂದು ಹಿಂದಿನಿಂದ ಯಾರೋ ಅಂದರು. ಒಂದಿಬ್ಬರು ನಕ್ಕರು. ಮಂಚಯ್ಯನ ಕೈ ಸುತ್ತುವುದನ್ನೂ ಮರೆತಿತ್ತು.

ಚೇತನ್‌ಕುಮಾರನೇ ದಾರಿ ತೆಗೆದ. “ಅವ್ವ, ಒಳಗಿನ ರಂಗೋಲಿ ಇರ್ಲಿ. ಗಡಿ ದಾಟಿರೋ ಬಳ್ಳಿ ಮಾತ್ರ ಒರ್ಸಣ. ಬಳ್ಳಿ ಕತ್ತರಿಸೋದು ತಪ್ಪಲ್ವಲ್ಲ, ದಿನಾ ಅವರೆ ಬಳ್ಳಿ ಕತ್ತರಿಸ್ತೀಯ.”

ಕುಳ್ಳಮ್ಮ ಯೋಚಿಸಿದಳು. “ತುಳ್ದು ಓಗೋ ಜಾಗದ್ದು ಒರ್ಸುದ್ರೆ ದೋಸ ಇಲ್ಲ” ಎಂದು ಒಪ್ಪಿದಳು.

ಆಮೇಲೆ ಕೇರಿಗೆ ಕೈ ಬಂತು. ಮನೆ ಮನೆಯ ಅಂಚಿನಲ್ಲಿ ಅಂಗೈಯಗಲ ಸಗಣಿ ನೀರಿನಿಂದ ಒರೆಸುವುದು, ಅದರ ಮೇಲೆ ಸುಣ್ಣವನ್ನು ದಪ್ಪಗೆ ಎಳೆಯುವುದು. ಮಂಚಯ್ಯ ಒಂದು ತುದಿಯಿಂದ ಇನ್ನೊಂದು ತುದಿಗೆ ಓಡಾಡಿದ. “ಬೆರಳಗಲ ಅಲ್ಲ ಕಣ್ರೋ, ಕೈಯಗಲ ಎಳೀರಿ. ಸಣ್ಣ ಎಳೆ ಮೇಲಿಂದ ಮಬ್ಬಾಯ್ತದೆ, ಗಡಿ ದಪ್ಪಗಿರ್ಲಿ.” ಈ ಮಾತಾದರೂ ಸರಿಯೋ ಎಂದು ಈ ಸಲ ಚೇತನ್ ಫೋನು ಮಾಡಿ ರಮ್ಯಶ್ರೀಯನ್ನು ಕೇಳಿದ. ಸರಿ ಎಂದಳು. ಮಂಚಯ್ಯ ಕೇಳಿಸದವನಂತೆ ಮುಂದೆ ಹೋದ. ಮೇಲಿನ ಬೀದಿಯ ಕಡೆಯಿಂದ ಗುಂಯ್ ಸದ್ದು ಬರುತ್ತಲೇ ಇತ್ತು. ಸದ್ದು ಹತ್ತಿರವಾದಾಗಲೆಲ್ಲ ಅವನ ತಲೆ ಆಕಾಶಕ್ಕೆ ಏಳುತ್ತಿತ್ತು. ಯಾರ ಮನೆಯ ಮೂಲೆ ಬಿಟ್ಟಿತು, ಯಾರ ದನದ ಕೊಟ್ಟಿಗೆ ಗೆರೆಯಾಚೆ ಉಳಿಯಿತು, ಎಲ್ಲ ನೋಡಿದ. ಕೆಡಿಸಿದವನು ತಾನು, ಕಡೆಯ ಮನೆಯವರೆಗೂ ಸರಿಯಾಗದೆ ತನ್ನ ಹಿತ್ತಲಿಗೆ ಹೋಗಬಾರದೆಂದು ಹಟ ಹಿಡಿದವನಂತೆ ಇದ್ದ.

ಕೇರಿಯೆಲ್ಲ ಮುಗಿದಾಗ ಸದ್ದು ನಿಂತಿತು. ಬ್ಯಾಟರಿ ಬದಲಾಯಿಸುತ್ತಿದ್ದಾರೆ. ಗಾಳಿ ಸಣ್ಣಗೆ ಏಳತೊಡಗಿತ್ತು, ಹುಣಿಸೆ ಎಲೆ ಅಲುಗುತ್ತಿತ್ತು. ಮಂಚಯ್ಯ ಬಕೆಟ್ಟಿಗೆ ಉಳಿದ ಸುಣ್ಣ ಸುರಿದುಕೊಂಡು ಹಿತ್ತಲಿಗೆ ನಡೆದ. ಬರಿಗಾಲಲ್ಲಿ ನೆಲ ಒತ್ತಿ ಒತ್ತಿ, ಮಣ್ಣೊಳಗೆ ಇಳಿದ ಕಲ್ಲಿನ ಸಾಲು ಹುಡುಕಿದ. ಇಲ್ಲೊಂದು ತಾಗಿತು. ಅಲ್ಲೊಂದು. ಅವ್ವನ ಕಲ್ಲು. ಕಲ್ಲು ಸಿಕ್ಕ ಜಾಡಿನಲ್ಲೇ ಮೊಣಕಾಲೂರಿ ಸುಣ್ಣ ಬಿಡಲು ಶುರು ಮಾಡಿದ. ಕೈ ನಡುಗಿ ಗೆರೆ ಹಾವಿನಂತೆ ಹೊರಳಿತು. ನಿಲ್ಲಿಸಿ ಉಸಿರು ಬಿಟ್ಟು, ಕೈಯನ್ನು ಗಾಳಿಯಲ್ಲಿ ಒಂದೆರಡು ಸಲ ಸುತ್ತಿಸಿದ, ಹಿಂದೆ ತೊಟ್ಟಿಯ ಮುಂದೆ ಸುತ್ತಿಸುತ್ತಿದ್ದ ಅದೇ ವೇಗದಲ್ಲಿ. ಆಮೇಲೆ ಬಿಟ್ಟ ಗೆರೆ ನೆಟ್ಟಗೆ ಬಂತು. ಒಂದು ಮಗ್ಗುಲು ಮುಗಿಯಿತು. ಎರಡನೆಯದರ ನಡುವೆ ಇದ್ದಾಗ ಡ್ರೋನು ಮತ್ತೆ ಎದ್ದ ಸದ್ದು ಕೇಳಿತು.

ಚೇತನ್ ಫೋನು ಹಿಡಿದು ಓಡಿ ಬಂದ. “ಮಾವ, ಮೇಡಂ ಲೈನಲ್ಲಿದಾರೆ. ನಿನ್ನ ಹಿತ್ತಲು ಮುಗೀದಿದ್ರೆ ಪರವಾಗಿಲ್ವಂತೆ, ಜಾಗ ನೋಡ್ಕೊಂಡಿದೀನಿ, ಆಫೀಸಲ್ಲಿ ನಾನೇ ನಕ್ಷೆಗೆ ಹಾಕಿಸ್ತೀನಿ ಅಂತಿದಾರೆ.”

ಮಂಚಯ್ಯ ತಲೆ ಎತ್ತಲಿಲ್ಲ. “ಬ್ಯಾಡ ಅನ್ನು. ನೆಲದ ಮ್ಯಾಲೆ ಇಲ್ದೆ ಇರೋ ಗೆರೇನ ನಕ್ಷೇಲಿ ಬರೀಬಾರ್ದು ಕಣ್ಲಾ. ಒಂದ್ಸಲ ಬರ್ದು ಚಾ ರಸ್ತೆ ಆಯ್ತು.”

ಚೇತನ್‌ಗೆ ಅರ್ಥವಾಗಲಿಲ್ಲ. ಫೋನನ್ನು ಜೇಬಿಗಿಟ್ಟು ಮಾವನನ್ನೇ ನೋಡಿದ. ಮೊಣಕಾಲ ಹತ್ತಿರ ಪಂಚೆ ಸಗಣಿಯಲ್ಲಿ ನೆನೆದಿತ್ತು. ತೋಳು ಸುಣ್ಣಕ್ಕೆ ಉರಿದು ಕೆಂಪಾಗಿತ್ತು. ಮೂರನೆಯ ಮಗ್ಗುಲು ಅರ್ಧ, ನಾಲ್ಕನೆಯದು ಪೂರ್ತಿ ಬಾಕಿ. ಸದ್ದು ಈಗ ಕೇರಿಯ ಆ ತುದಿಗೆ ಬಂದಿತ್ತು. ಕುಳ್ಳಮ್ಮ ಪಕ್ಕದ ತನ್ನ ಮನೆಯ ಗೋಡೆಯ ಮೇಲಿಂದ ಇಣುಕಿ, “ಕಿತ್ಕೊಳ್ಳೋ ಅವನ ಕೈಲಿರೋದ್ನ, ಎಷ್ಟೊತ್ತು ನೋಡ್ತಾ ನಿಂತಿದ್ದೀಯ” ಎಂದಳು. ಚೇತನ್ ಬಗ್ಗಿ ಬಕೆಟ್ಟಿಗೆ ಕೈ ಹಾಕಿದ. “ಕೊಡು ಮಾವ, ಇಲ್ಲಿಂದಾಚೆಗೆ ನಾನು ಎಳೀತೀನಿ. ಓಡ್ತಾ ಎಳುದ್ರೆ ಆಗೋಯ್ತದೆ.”

ಮಂಚಯ್ಯ ಎಡಗೈಯಲ್ಲಿ ಬಕೆಟ್ಟನ್ನು ತನ್ನ ಕಡೆಗೆ ಎಳೆದುಕೊಂಡ. ಬಲಗೈ ನಿಲ್ಲಲಿಲ್ಲ, ಸುಣ್ಣ ಸಣ್ಣಗೆ ಒಂದೇ ಸಮ ಇಳಿಯುತ್ತಲೇ ಇತ್ತು.

“ಬುಡ್ಲಾ. ಕೈ ಬದ್ಲಾದ್ರೆ ಪಟ್ಟೆ ಬೀಳ್ತದೆ.”